ಟಿಕ್ ಎಣಿಸುವುದು ಬಿಟ್ಟು ಆಂಪೂಲ್ ಎಣಿಸಿದೆ: ಓಟಿ, ಐಸಿಯು ಸುರಕ್ಷತೆಯ ಲೆಕ್ಕ ಹಿಡಿದ ನನ್ನ ಅನುಭವ

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಕೊಟ್ಟ ಸರ್ಜಿಕಲ್ ಸೇಫ್ಟಿ ಚೆಕ್‌ಲಿಸ್ಟಿನಲ್ಲಿ ಹತ್ತೊಂಬತ್ತು ಸಾಲು. ಆಪರೇಷನ್ ವೇಳೆ ಒಂದೊಂದನ್ನೇ ಬಾಯಿಬಿಟ್ಟು ಹೇಳಿ, ಖಾತ್ರಿ ಮಾಡಿಕೊಂಡು ಟಿಕ್ ಹಾಕುವ ಸುರಕ್ಷತಾ ಪಟ್ಟಿ ಅದು. ನಮ್ಮಲ್ಲೂ ಅದೇ, ಮೇಲೆ ಆಸ್ಪತ್ರೆಯ ಲೋಗೋ ಒಂದು ಜಾಸ್ತಿ. ನಾನು ಅದಕ್ಕೆ ಇಪ್ಪತ್ತನೇ ಸಾಲು ಸೇರಿಸಿ, ಝೆರಾಕ್ಸ್ ಮಾಡಿಸಿ, ಯಾರಿಗೂ ಹೇಳದೆ ಓಟಿ (ಆಪರೇಷನ್ ಥಿಯೇಟರ್) ಟೇಬಲ್ ಮೇಲೆ ಇಟ್ಟೆ: ‘ಈ ಚೌಕದಲ್ಲಿ ಟಿಕ್ ಹಾಕಬೇಡಿ’. ಹದಿನೈದು ದಿನ ಬಿಟ್ಟು ಎಂಆರ್‌ಡಿಯಲ್ಲಿ (ದಾಖಲೆ ಇಡುವ ವಿಭಾಗ) ಕೇಸ್ ಶೀಟ್ ತೆಗೆಸಿ ನೋಡಿದರೆ ಹೆಚ್ಚೂಕಮ್ಮಿ ಎಲ್ಲದರಲ್ಲೂ ಅಲ್ಲಿ ಟಿಕ್ ಬಿದ್ದಿತ್ತು. ಒಂದಿಬ್ಬರು ಪಕ್ಕದಲ್ಲಿ ಚಂದ ಮಾಡಿ ಸಹಿಯನ್ನೂ ಹಾಕಿದ್ದರು.

ಇದನ್ನು ತಮಾಷೆಗೆ ಹೇಳುತ್ತಿಲ್ಲ. ನಮ್ಮ ಮ್ಯಾನೇಜ್‌ಮೆಂಟು ‘ಚೆಕ್‌ಲಿಸ್ಟ್ ಪಾಲನೆ ನೂರಕ್ಕೆ ನೂರು’ ಎಂದು ಇದೇ ಫಾರ್ಮು ಎಣಿಸಿಯೇ ವರದಿ ಬರೆಯುತ್ತಿತ್ತು. ಅದನ್ನೇ ನಂಬಿ ರೋಗಿ ಸುರಕ್ಷತೆಯ ಅಧ್ಯಯನ ಮಾಡಿದ್ದರೆ ನನ್ನ ಫಲಿತಾಂಶವೂ ನೂರಕ್ಕೆ ನೂರೇ ಬರುತ್ತಿತ್ತು, ಕೆಲಸ ಅಲ್ಲಿಗೇ ಮುಗಿಯುತ್ತಿತ್ತು.

ನಮ್ಮದು ಕುಮಟಾದ ಆಚೀಚೆ ಹೆದ್ದಾರಿ ಪಕ್ಕದ ಖಾಸಗಿ ಆಸ್ಪತ್ರೆ, ಹೆಸರು ಬೇಡ. ಅರವತ್ತು ಚಿಲ್ಲರೆ ಬೆಡ್, ಎರಡು ಓಟಿ, ಸಣ್ಣ ಐಸಿಯು. ಓಟಿಗೂ ಐಸಿಯುಗೂ ನಾನೇ ಇನ್‌ಚಾರ್ಜ್ ಬ್ರದರ್. ಎಂಎಸ್ಸಿ ನರ್ಸಿಂಗ್ ಮಾಡುವಾಗ ಹತ್ತಿದ ಹುಚ್ಚು ಇದು. ‘ಸಂಶೋಧನೆ ಎಲ್ಲಾ ಮಣಿಪಾಲದವ್ರಿಗೆ ಮಾರಾಯ, ನಿಂಗೆ ಡ್ಯೂಟಿ ಕಮ್ಮಿ ಆಯ್ತಾ?’ ಎಂದವರೇ ಜಾಸ್ತಿ. ಅವರ ಮಾತಿನಲ್ಲಿ ಒಂದು ಹುರುಳಿತ್ತು ಅನ್ನಿ. ತಿಂಗಳಿಗೆ ನೂರು, ನೂರಿಪ್ಪತ್ತು ಆಪರೇಷನ್ ಆಗುವ ಜಾಗದಲ್ಲಿ ಸಾವನ್ನು ಎಣಿಸಿ ಏನನ್ನೂ ಹೇಳಲು ಬರುವುದಿಲ್ಲ. ಚೆಕ್‌ಲಿಸ್ಟಿನ ಮೊದಲ ದೊಡ್ಡ ಅಧ್ಯಯನ ನಡೆದದ್ದು ದಿಲ್ಲಿಯೂ ಸೇರಿ ಎಂಟು ನಗರಗಳಲ್ಲಿ. 2009ರಲ್ಲಿ ಪ್ರಕಟವಾದ ಅದರಲ್ಲಿ ಮೊದಲು 3733, ಆಮೇಲೆ 3955 ರೋಗಿಗಳು. ಸಾವು ಶೇ. 1.5ರಿಂದ 0.8ಕ್ಕೆ ಇಳಿಯಿತು ಎಂದು ಹೇಳಲು ಅಷ್ಟು ಜನ ಬೇಕಾದರು. ಅದಾದ ಮೇಲೆ 2014ರಲ್ಲಿ ಕೆನಡಾದ ಒಂಟಾರಿಯೊದವರು ನೂರೊಂದು ಆಸ್ಪತ್ರೆಗಳ ಎರಡು ಲಕ್ಷಕ್ಕೂ ಹೆಚ್ಚು ಆಪರೇಷನ್ ಲೆಕ್ಕ ಹಾಕಿ ‘ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ’ ಅಂದರು. ಅಲ್ಲಿ ಆಗಿದ್ದೇನು ಎಂಬ ಬಗ್ಗೆ ಪಂಡಿತರ ವಾದ ಬಹಳ ಇದೆ. ನನ್ನ ಇಪ್ಪತ್ತನೇ ಸಾಲು ನೋಡಿದವರಿಗೆ ಅಷ್ಟು ವಾದ ಬೇಕಾಗಲಿಕ್ಕಿಲ್ಲ. ಕಡ್ಡಾಯ ಅಂದ ಕೂಡಲೇ ಕಾಗದ ತುಂಬುತ್ತದೆ, ಬಾಯಿ ತೆರೆಯುವುದಿಲ್ಲ.

ಹಾಗಾಗಿ ಸಾವು ಬಿಟ್ಟು, ಸಾವಿನ ದಾರಿಯಲ್ಲಿ ಸಿಗುವ ಸಣ್ಣ ಸಣ್ಣ ಎಡವಟ್ಟುಗಳನ್ನು ಎಣಿಸುವುದು ಎಂದು ನಿರ್ಧಾರ ಮಾಡಿದೆ. ಅದು ಕೈಗೆ ಹತ್ತಲು ವರ್ಷದ ಮೇಲೆಯೇ ಹಿಡಿಯಿತು.

ಮೊದಲು ಇಟ್ಟಿದ್ದು ಡಬ್ಬಿ. ಬೀಗ ಹಾಕಿದ ಡಬ್ಬಿ, ಪಕ್ಕದಲ್ಲಿ ಚೀಟಿ, ಪೆನ್ನು. ಹೆಸರು ಬರೆಯಬೇಕಾಗಿಲ್ಲ, ಆದದ್ದು ಬರೆಯಿರಿ ಅಂತ ಗೋಡೆಗೆ ಅಂಟಿಸಿದೆ. ತಿಂಗಳ ಕೊನೆಗೆ ಬೀಗ ತೆಗೆದರೆ ಸಿಕ್ಕಿದ್ದು: ಕ್ಯಾಂಟೀನ್ ಸಾಂಬಾರು ಬರೀ ನೀರು, ಎರಡನೇ ಓಟಿ ಎಸಿ ಸೋರುತ್ತದೆ, ಇನ್‌ಚಾರ್ಜ್ ಬ್ರದರ್ ರಜೆ ಕೊಡುವುದಿಲ್ಲ. ರೋಗಿಯ ಸುದ್ದಿ ಒಂದೋ ಎರಡೋ ಇರಬಹುದು. ಯಾಕೆ ಬರೆಯುತ್ತಾರೆ ಹೇಳಿ? ರಾತ್ರಿ ಐಸಿಯುನಲ್ಲಿ ಇರುವುದೇ ಇಬ್ಬರು ಸ್ಟಾಫ್, ಒಬ್ಬ ಡ್ಯೂಟಿ ಡಾಕ್ಟರ್, ಒಬ್ಬಳು ಆಯಾ. ಹೆಸರಿಲ್ಲದ ಚೀಟಿಯ ಅಕ್ಷರ ನೋಡಿದರೆ ಸಾಕು, ಯಾರದ್ದೆಂದು ಗೊತ್ತಾಗುತ್ತದೆ. ಆಮೇಲೆ ಮೊಬೈಲಿನಲ್ಲಿ ಗೂಗಲ್ ಫಾರ್ಮ್ ಮಾಡಿ ಗುಂಪಿಗೆ ಹಾಕಿದೆ. ತುಂಬಿದವನು ನಾನೊಬ್ಬನೇ. ಮತ್ತೆ ಕೇಸ್ ಶೀಟ್ ಓದುವ ದಾರಿ. ತಿಂಗಳಿಗೆ ಇಪ್ಪತ್ತು ಶೀಟ್ ಚೀಟಿ ಎತ್ತಿ ಆರಿಸುವುದು, ಒಂದಕ್ಕೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಕೊಡದೆ ಸುಳಿವು ಹುಡುಕುವುದು: ಮತ್ತೆ ಓಟಿಗೆ ಒಯ್ದರೇ, ಹಿಮೋಗ್ಲೋಬಿನ್ ಒಮ್ಮೆಲೇ ಇಳಿಯಿತೇ, ವಾರ್ಡಿನಿಂದ ದಿಢೀರನೆ ಐಸಿಯುಗೆ ಬಂದರೇ. ಟ್ರಿಗರ್ ಟೂಲ್ ಅನ್ನುತ್ತಾರಲ್ಲ, ಅದೇ. ಪದ್ಧತಿ ಒಳ್ಳೆಯದೇ. ಆದರೆ ಬರೆದದ್ದು ಮಾತ್ರ ಸಿಗುತ್ತದೆ, ನಮ್ಮ ಶೀಟಿನಲ್ಲಿ ‘ಪೇಷಂಟ್ ಸ್ಟೇಬಲ್’ ಬಿಟ್ಟರೆ ಬರೆಯುವವರು ಕಡಿಮೆ.

ಕೊನೆಗೆ ಕೆಲಸ ಮಾಡಿದ್ದು ಬಾಯಿಮಾತು. ಮಧ್ಯಾಹ್ನ ಎರಡಕ್ಕೆ ಶಿಫ್ಟ್ ಬದಲಾಗುವಾಗ ಹ್ಯಾಂಡೋವರ್ (ರೋಗಿಗಳನ್ನು ಮುಂದಿನವರಿಗೆ ಒಪ್ಪಿಸುವುದು) ಹೇಗೂ ಬೆಡ್ ಬೆಡ್ಡಿಗೆ ನಡೆಯುತ್ತದೆ. ನಾನು ಜೊತೆಗೆ ಹೋಗಿ ಪ್ರತಿ ಬೆಡ್ಡಿನ ಹತ್ತಿರ ಒಂದೇ ಪ್ರಶ್ನೆ ಕೇಳುತ್ತಿದ್ದೆ: ‘ಇವತ್ತು ಈ ಬೆಡ್ಡಿಗೆ ಎಂತ ಕಮ್ಮಿ ಬಿತ್ತು?’ ಯಾರು ಮಾಡಿದ್ದು ಅಂತ ಕೇಳುವುದಿಲ್ಲ, ಯಾಕೆ ಅಂತ ಕೇಳುವುದಿಲ್ಲ, ಎದುರಿಗೆ ಬರೆದುಕೊಳ್ಳುವುದಂತೂ ಇಲ್ಲವೇ ಇಲ್ಲ. ಅವರು ಹೋದ ಮೇಲೆ ಸ್ಟೋರ್ ರೂಮಿನಲ್ಲಿ ಕುಳಿತು ನೋಟ್‌ಬುಕ್ಕಿಗೆ ಗೆರೆ ಹಾಕುತ್ತಿದ್ದೆ. ಮೊದಲ ವಾರ ‘ಎಂತದೂ ಇಲ್ಲ ಬ್ರದರ್’ ಎನ್ನುವುದೇ ಆಯಿತು. ಎರಡನೇ ವಾರ ಒಬ್ಬಳು ಹೊಸ ಸಿಸ್ಟರ್ ಶುರು ಮಾಡಿದಳು: ‘ನಾಲ್ಕನೇ ಬೆಡ್ಡಿನ ಇನ್‌ಫ್ಯೂಷನ್ ಪಂಪು ಕರೆಂಟ್ ಹೋದಾಗ ಬಂದ್ ಆಯ್ತು, ಬ್ಯಾಟರಿ ಸತ್ತೋಗಿದೆ, ನೋರ್‌ಆಡ್ರಿನಲಿನ್ ಎರಡು ನಿಮಿಷ ನಿಂತಿತ್ತು.’ ಬಿಪಿ ಬೀಳದಂತೆ ಪಂಪಿನಲ್ಲಿ ಹನಿಹನಿಯಾಗಿ ಕೊಡುವ ಮದ್ದು ಅದು. ಉಳಿದವರು ಉಸಿರು ಬಿಗಿ ಹಿಡಿದು ನನ್ನ ಮುಖ ನೋಡಿದರು. ನಾನು ‘ಸರಿ, ಐದನೇ ಬೆಡ್ಡು’ ಎಂದು ಮುಂದೆ ಹೋದೆ. ಸಂಜೆಯೊಳಗೆ ಆ ಪಂಪಿಗೆ ಬೇರೆ ಬ್ಯಾಟರಿ ಹಾಕಿಸಿದೆ. ಆಮೇಲೆ ಕೇಳುವ ಕಷ್ಟ ಬರಲಿಲ್ಲ, ನಿಲ್ಲಿಸುವುದೇ ಕಷ್ಟವಾಯಿತು. ಡಬ್ಬಿಯಲ್ಲಿ ತಿಂಗಳಿಗೆ ಒಂದೆರಡು ಬರುತ್ತಿದ್ದಲ್ಲಿ ಮೂವತ್ತು, ನಲವತ್ತು ಬರತೊಡಗಿತು. ಪ್ರಶ್ನೆಗೆ ಎರಡನೇ ಭಾಗವೊಂದಿದೆ, ಡಾಕ್ಟರುಗಳ ಬಾಯಿ ಬಿಡಿಸಿದ್ದು ಅದು. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಲೆಕ್ಕ ಏರಿದ್ದು ಕಂಡು ಮ್ಯಾನೇಜ್‌ಮೆಂಟಿಗೆ ಗಾಬರಿ. ‘ಮೊದಲು ಒಂದು ಇತ್ತು, ಈಗ ನಲವತ್ತು, ನೀನು ಬಂದ ಮೇಲೆ ಆಸ್ಪತ್ರೆ ಹಾಳಾಯ್ತಲ್ಲ’ ಎಂದರು. ಹೇಳುವವರು ಹೆಚ್ಚಾದರೆ ವರದಿ ಹೆಚ್ಚಾಗುತ್ತದೆ, ಅಪಾಯ ಹೆಚ್ಚಾಯಿತು ಎಂದಲ್ಲ ಎಂದು ವಿವರಿಸಿ ನನಗೆ ಗಂಟಲು ನೋವು ಬಂತು. ಬಾಯಿಮಾತಿನ ಲೆಕ್ಕವನ್ನು ಸುಧಾರಣೆಯ ಅಳತೆಗೆ ಬಳಸಬಾರದು ಎಂದು ಆಗಲೇ ಖಾತ್ರಿಯಾಯಿತು. ಎಲ್ಲಿ ಅಗೆಯಬೇಕು ಎಂದು ತೋರಿಸುವುದಷ್ಟೇ ಅದರ ಕೆಲಸ. ಅಳತೆಗೆ ಬೇರೆಯದೇ ಬೇಕು, ಯಾರೂ ಟಿಕ್ ಹಾಕಲಾಗದಂಥದ್ದು.

ಆಂಟಿಬಯಾಟಿಕ್ ವಿಷಯಕ್ಕೆ ಬರುತ್ತೇನೆ. ಚೆಕ್‌ಲಿಸ್ಟಿನಲ್ಲೂ ಇರುವ ಸಾಲು ಅದು: ಕೊಯ್ಯುವ ಮೊದಲಿನ 60 ನಿಮಿಷದೊಳಗೆ ಕೊಟ್ಟಿರಬೇಕು. ವಾರ್ಡಿನ ಚಾರ್ಟಿನಿಂದ ಇಂಜೆಕ್ಷನ್ ಸಮಯ, ಅನಸ್ತೇಶಿಯಾ (ಅರಿವಳಿಕೆ) ಶೀಟಿನಿಂದ ಇನ್ಸಿಷನ್, ಅಂದರೆ ಕೊಯ್ದ ಸಮಯ ತೆಗೆದು ಕಳೆದರೆ ಮುಗಿಯಿತು ಅಂದುಕೊಂಡಿದ್ದೆ. ಕಳೆದರೆ ಕೆಲವು ರೋಗಿಗಳಿಗೆ ಕೊಯ್ದ ಮೇಲೆ ವಾರ್ಡಿನಲ್ಲಿ ಇಂಜೆಕ್ಷನ್ ಕೊಟ್ಟಂತೆ ಬಂತು! ಒಬ್ಬರಂತೂ ಓಟಿ ಬಿಡುವ ಮೊದಲೇ ಐಸಿಯು ಸೇರಿದ್ದರು. ಗಡಿಯಾರಗಳನ್ನು ನೋಡುತ್ತಾ ಒಂದು ಸುತ್ತು ಬಂದೆ. ವಾರ್ಡಿನದ್ದು ಹನ್ನೆರಡು ನಿಮಿಷ ಮುಂದೆ, ಓಟಿಯದ್ದು ಏಳೆಂಟು ನಿಮಿಷ ಹಿಂದೆ, ಐಸಿಯುನಲ್ಲಿ ಗೋಡೆಯದ್ದು ಒಂದು ಹೇಳಿದರೆ ಮಾನಿಟರಿನದ್ದು ಇನ್ನೊಂದು. ಮಳೆಗಾಲದ ಕರೆಂಟು ಹೋಗಿ ಬಂದಾಗಲೆಲ್ಲ ಒಂದು ಹಳೇ ಮಾನಿಟರ್ ತನ್ನ ಗಂಟೆಯನ್ನು ಮರೆತುಬಿಡುತ್ತಿತ್ತು. ಅಲ್ಲಿಯವರೆಗೆ ಕೂಡಿಸಿದ ಸಮಯದ ಲೆಕ್ಕವನ್ನೆಲ್ಲ ಕಸದ ಬುಟ್ಟಿಗೆ ಹಾಕಿದೆ. ಪೇಟೆಯಿಂದ ಒಂದೇ ಜಾತಿಯ ಗೋಡೆ ಗಡಿಯಾರ ಆರೋ ಏಳೋ ತಂದೆ, ಒಂದಕ್ಕೆ ಮುನ್ನೂರು ಚಿಲ್ಲರೆ. ಸೋಮವಾರ ಬೆಳಿಗ್ಗೆ ಮೊಬೈಲ್ ನೋಡಿ ಎಲ್ಲವನ್ನೂ ಹೊಂದಿಸುವ ಕೆಲಸ ಸೆಕ್ಯುರಿಟಿಯವರಿಗೆ ಒಪ್ಪಿಸಿದೆ. ಅವರು ಇವತ್ತಿಗೂ ತಪ್ಪಿಸಿಲ್ಲ. ಸಮಯ ಅಳೆಯುವ ಅಧ್ಯಯನ ಮಾಡುವವರಿದ್ದರೆ ಮೊದಲು ಇದನ್ನು ಮಾಡಿ, ಆಮೇಲೆ ಪ್ರಬಂಧ ಬರೆಯಿರಿ.

ಗಡಿಯಾರ ಒಂದಾದ ಮೇಲೆ ನಿಜ ಹೊರಗೆ ಬಂತು. ಅರವತ್ತು ನಿಮಿಷದೊಳಗೆ ಸಿಕ್ಕಿದ್ದು ಸುಮಾರು ಅರ್ಧ ಜನಕ್ಕೆ ಮಾತ್ರ. ವಾರ್ಡಿನ ಸಿಸ್ಟರ್‌ಗಳದ್ದು ಏನೂ ತಪ್ಪಿರಲಿಲ್ಲ. ‘ಓಟಿಗೆ ಕಳಿಸಿ’ ಎಂದು ಫೋನ್ ಬಂದ ತಕ್ಷಣ ಇಂಜೆಕ್ಷನ್ ಕೊಟ್ಟು ಕಳಿಸುತ್ತಿದ್ದರು. ಇಲ್ಲಿ ಹಿಂದಿನ ಕೇಸ್ ಮುಗಿದಿರುತ್ತಿರಲಿಲ್ಲ, ರೋಗಿ ಕಾರಿಡಾರಿನ ಟ್ರಾಲಿ ಮೇಲೆ ಒಂದೂವರೆ ಗಂಟೆ ಫ್ಯಾನ್ ನೋಡುತ್ತ ಮಲಗಿರುತ್ತಿದ್ದರು. ಇಂಜೆಕ್ಷನ್ನನ್ನು ವಾರ್ಡಿನಿಂದ ಓಟಿ ಟೇಬಲ್ಲಿಗೆ ತಂದೆವು, ಅಷ್ಟೇ. ನಾಲ್ಕೈದು ತಿಂಗಳಲ್ಲಿ ಹತ್ತರಲ್ಲಿ ಒಂಬತ್ತು ಜನರಿಗೆ ಹೊತ್ತಿಗೆ ಸರಿಯಾಗಿ ಸಿಗತೊಡಗಿತು. ಖರ್ಚು ಸೊನ್ನೆ.

ಆಂಪೂಲಿನ (ಇಂಜೆಕ್ಷನ್ ಮದ್ದಿನ ಒಡೆಯುವ ಸಣ್ಣ ಕುಪ್ಪಿ) ಕಥೆ ನನಗೆ ಹೆಚ್ಚು ಹೆಮ್ಮೆಯದು. ಪ್ರತಿ ಕೇಸಿಗೆ ಒಂದು ಖಾಲಿ ಐಸ್‌ಕ್ರೀಂ ಡಬ್ಬಿ ಇಟ್ಟೆ, ಮೇಲೆ ಕೇಸ್ ನಂಬರಿನ ಟೇಪು. ಒಡೆದ ಆಂಪೂಲ್, ವೈಯಲ್ ಎಲ್ಲಾ ಅದಕ್ಕೇ ಬೀಳಬೇಕು. ಕೇಸ್ ಮುಗಿದ ಮೇಲೆ ಗ್ಲೌಸ್ ಹಾಕಿ ಎಣಿಸಿ ಅನಸ್ತೇಶಿಯಾ ಶೀಟಿನ ಜೊತೆ ತಾಳೆ ನೋಡುವುದು, ಆಮೇಲೆ ಎಂದಿನಂತೆ ಗಾಜಿನ ತ್ಯಾಜ್ಯದ ನೀಲಿ ಡಬ್ಬಿಗೆ. ಐದರಲ್ಲಿ ಒಂದು ಕೇಸಿನಲ್ಲಾದರೂ ತಾಳೆ ಬೀಳುತ್ತಿರಲಿಲ್ಲ: ಒಡೆದದ್ದು ಬರೆದಿಲ್ಲ, ಬರೆದದ್ದು ಒಡೆದಿಲ್ಲ. ಬಹಳಷ್ಟು ನಿರುಪದ್ರವಿ, ವಾಂತಿಯ ಇಂಜೆಕ್ಷನ್ ಥರದ್ದು. ಆದರೆ ಡಬ್ಬಿಯೊಳಗೆ ಕೈ ಹಾಕಿದಾಗ ಕಾಗದದಲ್ಲಿ ಕಾಣದ್ದು ಕಂಡಿತು. ಸ್ಪೈನಲ್‌ಗೆ, ಅಂದರೆ ಬೆನ್ನಿಗೆ ಚುಚ್ಚಿ ಕೆಳಮೈ ಮರಗಟ್ಟಿಸಲು ಹಾಕುವ ಹೆವಿ ಬುಪಿವಕೇನ್ ಆಂಪೂಲು 4 ಎಂಎಲ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್ 5 ಎಂಎಲ್. ನಾವು ತರಿಸುತ್ತಿದ್ದ ಎರಡೂ ಬಣ್ಣವಿಲ್ಲದ ಗಾಜು, ಹೆಸರು ಇರುವೆ ಸಾಲಿನಷ್ಟು ಸಣ್ಣದು, ಎರಡೂ ಒಂದೇ ಸ್ಪೈನಲ್ ಟ್ರಾಲಿಯ ಒಂದೇ ಖಾನೆಯಲ್ಲಿ. ಇದು ಅದಲು ಬದಲಾಗಿ ಬೆನ್ನಿಗೆ ಹೋದರೆ ಫಿಟ್ಸ್ ಬಂದು ಜೀವವೇ ಹೋಗಬಹುದು, ಬೇರೆ ಬೇರೆ ದೇಶಗಳಲ್ಲಿ ಹಾಗೆ ಆಗಿದೆ. ನಮ್ಮಲ್ಲಿ ಆಗುವ ಮೊದಲೇ ಟ್ರಾನೆಕ್ಸಾಮಿಕ್ಕನ್ನು ಆ ಟ್ರಾಲಿಯಿಂದ ಎತ್ತಿ ಗೋಡೆ ಬೀರುವಿಗೆ ಹಾಕಿಸಿದೆ. ಅದೇ ಗುಂಗಿನಲ್ಲಿ ಐಸಿಯು ಡ್ರಾವರ್ ನೋಡಿದರೆ 10 ಎಂಎಲ್ ಡಿಸ್ಟಿಲ್ಡ್ ವಾಟರ್ ಪಕ್ಕದಲ್ಲೇ 10 ಎಂಎಲ್ ಪೊಟ್ಯಾಸಿಯಂ ಕ್ಲೋರೈಡ್. ಶೇ. 15ರದ್ದು, ಅಂದರೆ ಒಂದು ಆಂಪೂಲಿನಲ್ಲಿ ಇಪ್ಪತ್ತು ಮಿಲಿ ಈಕ್ವಿವಲೆಂಟ್ ಪೊಟ್ಯಾಸಿಯಂ. ಹಾಗೇ ರಕ್ತನಾಳಕ್ಕೆ ದೂಡಿದರೆ ಹೃದಯ ನಿಲ್ಲುತ್ತದೆ. ಅದಕ್ಕೆ ಬೀಗದ ಡಬ್ಬಿ. ಹಳೇ ಚೀಟಿ ಡಬ್ಬಿ ಕಡೆಗೂ ಉಪಯೋಗಕ್ಕೆ ಬಂತು.

ನಮ್ಮ ಹಿರಿಯ ಸರ್ಜನ್ ಸಾಹೇಬರು ಮೊದಲಿನಿಂದಲೂ ‘ನಿನ್ನ ಡಬ್ಬಿ ವ್ಯಾಪಾರ ಎಲ್ಲಿಗೆ ಬಂತು?’ ಎಂದು ಕಾಲೆಳೆಯುತ್ತಿದ್ದರು. ಅವರ ಮುಂದೆ ಸ್ಟಾಟಿಸ್ಟಿಕ್ಸಿನ ಪಿ ವ್ಯಾಲ್ಯೂ ಇಡಲಿಲ್ಲ. ಮಕ್ಕಳ ಗ್ರಾಫ್ ಹಾಳೆ ತಂದು ಹೊತ್ತಿಗೆ ಸರಿಯಾಗಿ ಆಂಟಿಬಯಾಟಿಕ್ ಸಿಕ್ಕವರ ಲೆಕ್ಕಕ್ಕೆ ವಾರಕ್ಕೊಂದು ಚುಕ್ಕೆ ಇಟ್ಟು, ನಡುವೆ ಮೀಡಿಯನ್ (ಮಧ್ಯಾಂಕ) ಗೆರೆ ಎಳೆದು, ಅವರು ಸ್ಕ್ರಬ್ ಮಾಡುವ ಸಿಂಕಿನ ಮೇಲೆ ಅಂಟಿಸಿದೆ. ಕೈ ತೊಳೆಯುವಷ್ಟು ಹೊತ್ತು ಬೇರೆ ನೋಡುವುದಕ್ಕೆ ಏನಿದೆ ಅಲ್ಲಿ? ಸತತ ಆರು ಚುಕ್ಕೆ ಗೆರೆಯ ಒಂದೇ ಬದಿಗೆ ಬಿದ್ದರೆ ಬದಲಾವಣೆ ನಿಜ ಎಂಬುದು ಆ ಚಾರ್ಟಿನ ನಿಯಮ. ಐದಾದ ಮೇಲೆ ‘ನಾಳೆ ಆರನೇದು ಅಲ್ವಾ?’ ಎಂದು ಅವರೇ ಕೇಳಿದರು. ಚಾಕು ಕೈಗೆ ತೆಗೆದುಕೊಳ್ಳುವ ಮೊದಲು ಅವರನ್ನು ನಿಲ್ಲಿಸಿ ಟೈಮ್ ಔಟ್ (ರೋಗಿ ಯಾರು, ಆಪರೇಷನ್ ಯಾವುದು ಎಂದು ಎಲ್ಲರೂ ಬಾಯಿಬಿಟ್ಟು ಖಾತ್ರಿ ಮಾಡಿಕೊಳ್ಳುವುದು) ಹೇಳಿಸಿದ್ದು ಹೇಗೆ ಎಂದು ಬಹಳ ಮಂದಿ ಕೇಳುತ್ತಾರೆ. ಅದನ್ನು ಇಲ್ಲಿ ಬರೆದರೆ ನಾಳೆ ಅವರು ಓದುತ್ತಾರೆ, ಹಾಗಾಗಿ ಬರೆಯುವುದಿಲ್ಲ.

ಹೊಲಿಗೆ ಕೀವಾಗುವ ಲೆಕ್ಕ ಮಾತ್ರ ನನ್ನ ಜೀವ ಹಿಂಡಿತು. ಆಪರೇಷನ್ ಆಗಿ 30 ದಿನ ನೋಡಬೇಕು, ಒಳಗೆ ಪ್ಲೇಟು, ಮೆಷ್ ಇಟ್ಟಿದ್ದರೆ 90. ನಮ್ಮ ರೋಗಿ ಮೂರ್ನಾಲ್ಕು ದಿನಕ್ಕೆ ಮನೆಗೆ. ರಿಜಿಸ್ಟರಿನಲ್ಲಿ ಸೋಂಕು ಶೇ. 1ರ ಒಳಗೇ. ಫೋನ್ ಮಾಡಿ ಕೇಳಿದರೆ ಅದರ ನಾಲ್ಕು ಪಟ್ಟು. ಕೀವಾದವರು ಊರಿನ ಹತ್ತಿರದ ಡಾಕ್ಟರ ಹತ್ತಿರ ಡ್ರೆಸ್ಸಿಂಗ್ ಮಾಡಿಸಿಕೊಂಡಿರುತ್ತಾರೆ, ನಮಗೆ ಯಾರು ಹೇಳುತ್ತಾರೆ? ಫೋನ್ ಮಾಡುವುದಕ್ಕೂ ಇಲ್ಲಿಯ ಪಂಚಾಂಗ ಬೇಕು. ಜೂನ್, ಜುಲೈ ಟ್ರಾಲಿಂಗ್ ಮೀನುಗಾರಿಕೆ ಬಂದ್ ಇರುವಾಗ ಬೋಟಿನವರು ಹರ್ನಿಯಾ, ಹೈಡ್ರೋಸಿಲ್ ಎಲ್ಲ ಮಾಡಿಸಿಕೊಳ್ಳುತ್ತಾರೆ. ಆಗಸ್ಟಿನಲ್ಲಿ ಬೋಟು ಇಳಿದರೆ ಮೊಬೈಲ್ ನಾಟ್ ರೀಚೆಬಲ್, ನನ್ನ 30ನೇ ದಿನ ಸಮುದ್ರದಲ್ಲಿ. ಅದಕ್ಕೆ ಡಿಸ್ಚಾರ್ಜ್ ಆಗುವಾಗಲೇ ಹೆಂಡತಿಯ ನಂಬರು ಬರೆಸಿಕೊಳ್ಳತೊಡಗಿದೆ. ಘಟ್ಟದ ಮೇಲೆ ಸಿದ್ದಾಪುರ, ಶಿರಸಿ ಕಡೆಯ ಒಂಟಿ ಮನೆಗಳಿಗೆ ಸಂಜೆ ಏಳರ ಮೇಲೆ ಲ್ಯಾಂಡ್‌ಲೈನೇ ಗತಿ, ಅಡಿಕೆ ಕೊಯ್ಲಿನಲ್ಲಿ ಅದೂ ಇಲ್ಲ. ‘ಗಾಯ ಹೇಗಿದೆ’ ಎಂದು ಕೇಳಿದರೆ ‘ಸಮಾ ಅದೆ ಒಡೆಯಾ’ ಎನ್ನುತ್ತಾರೆ, ಕೀವು ಸೋರುತ್ತಿದ್ದರೂ ಹಾಗೇ ಎನ್ನುತ್ತಾರೆ. ‘ಅಂಗಿಗೆ, ಸೀರೆಗೆ ಕಲೆ ಆಗ್ತದಾ?’ ಎಂದು ಕೇಳಿ ನೋಡಿ, ಉತ್ತರ ಬೇರೆಯೇ ಬರುತ್ತದೆ. ಮೊಮ್ಮಕ್ಕಳಿದ್ದ ಮನೆಯಿಂದ ವಾಟ್ಸಾಪಿಗೆ ಫೋಟೋ ಬರುತ್ತದೆ. ಅದರಲ್ಲಿ ಮುಖ ಬೀಳದಂತೆ ಮೊದಲೇ ಹೇಳಬೇಕು.

2024ರ ಜುಲೈ 16ಕ್ಕೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತಲ್ಲ, ಆ ಹೊತ್ತಿನ ಲೆಕ್ಕವನ್ನು ಪೂರ್ತಿ ಬೇರೆ ಇಟ್ಟೆ. ಬರಬೇಕಾದ ಅರ್ಧ ರೋಗಿಗಳು ಬರಲಿಲ್ಲ, ಬಂದವರು ತಡವಾಗಿ ಬಂದರು. ಅದನ್ನು ಉಳಿದ ತಿಂಗಳ ಜೊತೆ ಕೂಡಿಸಿದರೆ ಯಾವ ಅರ್ಥವೂ ಇಲ್ಲ.

ನಡುನಡುವೆ ಮಾಡಿದ ಮಂಗಾಟಗಳು ಬಹಳ. ವೆಂಟಿಲೇಟರ್ ರೋಗಿಯ ತಲೆಕಡೆ 30ರಿಂದ 45 ಡಿಗ್ರಿ ಎತ್ತಿರಬೇಕು ಎಂದು ಎಲ್ಲರಿಗೂ ಬಾಯಿಪಾಠ. ಮಗಳ ಕಂಪಾಸ್ ಬಾಕ್ಸಿನ ಕೋನಮಾಪಕಕ್ಕೆ ಹೊಲಿಗೆ ದಾರ, ಅದರ ತುದಿಗೆ ಒಂದು ನಟ್ಟು ಕಟ್ಟಿ ಬೆಡ್ಡಿಗೆ ಹಿಡಿದರೆ ‘ಮೂವತ್ತು ಇದೆ ಬ್ರದರ್’ ಎಂದದ್ದು ಹದಿನೆಂಟೋ ಇಪ್ಪತ್ತೋ. ಕಣ್ಣಳತೆ ಎಲ್ಲರದ್ದೂ ಹಾಗೇ, ಡಾಕ್ಟರದ್ದೂ. ಈಗ ಬೆಡ್ಡಿನ ಚೌಕಟ್ಟಿಗೇ ಕೆಂಪು ಪೇಂಟಿನ ಗೆರೆ ಇದೆ. ಸಿರಿಂಜಿಗೆ ಬಣ್ಣದ ಲೇಬಲ್ ಹಾಕುವ ಪ್ರಯೋಗ ಮಣ್ಣು ಮುಕ್ಕಿತು. ಓಪಿಯಾಯ್ಡಿಗೆ (ಬಲವಾದ ನೋವಿನ ಮದ್ದು) ನೀಲಿ, ಸ್ನಾಯು ಸಡಿಲಿಸುವ ಮಸಲ್ ರಿಲಾಕ್ಸೆಂಟಿಗೆ ಕೆಂಪು, ಬಿಪಿ ಏರಿಸುವುದಕ್ಕೆ ನೇರಳೆ ಎಂದು ಅಂತರರಾಷ್ಟ್ರೀಯ ಕ್ರಮವೇ ಇದೆ. ರೆಡಿಮೇಡ್ ರೋಲಿನ ಬೆಲೆ ಕೇಳಿ ಹುಬ್ಬಳ್ಳಿಯಿಂದ ಬಣ್ಣದ ಟೇಪು ತರಿಸಿದೆ. ನಮ್ಮ ಮಳೆಗಾಲದ ತೇವಕ್ಕೆ ಗೋಂದು ಬಿಟ್ಟು ನೀಲಿ ಹೋಗಿ ಕೆಂಪಿನ ಸಿರಿಂಜಿಗೆ ಅಂಟಿತು. ಲೇಬಲ್ ಇಲ್ಲದಿದ್ದರೇ ವಾಸಿ ಎನ್ನುವಂತಾಗಿ ಅದನ್ನು ಅಲ್ಲಿಗೇ ಕೈಬಿಟ್ಟು ಮಾರ್ಕರ್ ಪೆನ್ನಿಗೆ ಮರಳಿದೆವು.

ದೊಡ್ಡ ಆಸ್ಪತ್ರೆಗೆ ಕಳಿಸುವ ರೆಫರ್ ಕೇಸಿನ ಆಕ್ಸಿಜನ್ ಲೆಕ್ಕ ಇನ್ನೊಂದು. ಆಂಬುಲೆನ್ಸಿನ ಬಿ ಟೈಪ್ ಸಿಲಿಂಡರ್ ತುಂಬಿದ್ದರೆ ಸುಮಾರು ಸಾವಿರದೈನೂರು ಲೀಟರ್. ನಿಮಿಷಕ್ಕೆ ಹತ್ತು ಲೀಟರ್ ಹೋದರೆ ಎರಡೂವರೆ ಗಂಟೆ. ನಮ್ಮಿಂದ ಮಣಿಪಾಲಕ್ಕೆ ನೂರಿಪ್ಪತ್ತು ಕಿಲೋಮೀಟರಿನ ಮೇಲೆ. ಮಳೆಯಲ್ಲಿ ಎರಡೂವರೆ ಗಂಟೆಯ ದಾರಿಯೇ ಅದು. ಬೈಂದೂರು ದಾಟುವಾಗ ಮೀಟರಿನ ಮುಳ್ಳು ಎಲ್ಲಿರಬೇಕು ಎಂದು ಸಿಲಿಂಡರಿಗೇ ಚೀಟಿ ಕಟ್ಟಿದ್ದೇನೆ. ಈಗ ಜೊತೆಗೆ ಹೋಗುವ ಸ್ಟಾಫ್ ಎರಡನೇ ಸಿಲಿಂಡರ್ ಹತ್ತಿಸದೆ ಗಾಡಿ ಹತ್ತುವುದಿಲ್ಲ.

ಸಂಶೋಧನೆಗೆ ಬೇಕಾದ ಎಥಿಕ್ಸ್ (ನೈತಿಕತೆ) ಕಮಿಟಿ ಒಪ್ಪಿಗೆ ನಾನು ಓದಿದ ಕಾಲೇಜಿನ ಮೂಲಕ ಪಡೆದೆ, ನಾಲ್ಕೈದು ತಿಂಗಳು ತಿಂದಿತು. ಹೆಸರು ತೆಗೆದ ದಾಖಲೆ ಓದಲು ರೋಗಿಯ ಸಹಿ ಬೇಡ ಎಂಬ ವಿನಾಯಿತಿಯನ್ನು ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯ ಪ್ರಕಾರ ಕಮಿಟಿಯೇ ಕೊಡಬಹುದು. ನಾವೇ ಕೊಟ್ಟುಕೊಳ್ಳುವಂತಿಲ್ಲ. ಫೋನ್ ಮಾಡುವುದಕ್ಕೆ ಒಪ್ಪಿಗೆ ಬೇಕೇ ಬೇಕು, ಅದನ್ನು ಡಿಸ್ಚಾರ್ಜಿನಲ್ಲಿ ಪಡೆಯಿರಿ.

ದುಡ್ಡು: ಗಡಿಯಾರ ಎರಡು ಸಾವಿರ ಚಿಲ್ಲರೆ, ಝೆರಾಕ್ಸು ಮೂರು ಸಾವಿರದ ಹತ್ತಿರ, ಎರಡನೇ ಸಿಮ್ಮಿನ ರೀಚಾರ್ಜು, ಶನಿವಾರ ಸ್ಟಾಫಿಗೆ ಚಾ ಮತ್ತು ಬಜೆ (ಇದು ಎಲ್ಲಕ್ಕಿಂತ ದೊಡ್ಡ ಬಾಬ್ತು, ಕಡಿಮೆ ಮಾಡಲು ಹೋಗಬೇಡಿ), ಲೆಕ್ಕ ನೋಡಿಕೊಟ್ಟ ಸ್ಟಾಟಿಸ್ಟಿಕ್ಸ್ ಮೇಷ್ಟ್ರಿಗೆ ಎಂಟು ಸಾವಿರ. ಎಲ್ಲಾ ಸೇರಿ ಮೂವತ್ತು, ಮೂವತ್ತೈದು ಸಾವಿರ ನನ್ನ ಕಿಸೆಯಿಂದ. ಮ್ಯಾನೇಜ್‌ಮೆಂಟ್ ಮೊದಲು ಕೊಟ್ಟದ್ದು ಎರಡು ರೀಮ್ ಕಾಗದ. ಆಂಟಿಬಯಾಟಿಕ್ ಗ್ರಾಫನ್ನು ಹೊರಗಿನ ಇನ್‌ಸ್ಪೆಕ್ಷನ್ನಿನವರು ಮೆಚ್ಚಿ ಫೋಟೋ ತೆಗೆದುಕೊಂಡು ಹೋದ ಮೇಲೆ ಗಡಿಯಾರದ ದುಡ್ಡು ವಾಪಸ್ ಬಂತು. ಚಾದ ದುಡ್ಡು ಬಂದಿಲ್ಲ.

ಶಿರಸಿಯ ಗೆಳೆಯನೊಬ್ಬ ತನ್ನ ಐಸಿಯುನಲ್ಲಿ ಇದೇ ಶುರು ಮಾಡಿದ್ದಾನೆ. ಅಲ್ಲಿ ಎರಡೇ ಶಿಫ್ಟು, ಹ್ಯಾಂಡೋವರ್ ರಾತ್ರಿ ಎಂಟಕ್ಕೆ, ಎಲ್ಲರಿಗೂ ಬಸ್ಸಿನ ಗಡಿಬಿಡಿ. ಒಂದು ಬೆಡ್ಡಿಗೆ ಒಂದು ಮಾತೂ ಸಿಗುತ್ತಿಲ್ಲವಂತೆ. ಬೆಳಗಿನ ಹ್ಯಾಂಡೋವರಿಗೆ ಬದಲಿಸಿ ನೋಡು ಎಂದಿದ್ದೇನೆ. ನಾನೀಗ ಐಸಿಯು ಮಾನಿಟರಿನ ಅಲಾರಂ ಎಣಿಸುತ್ತಿದ್ದೇನೆ: ಎಷ್ಟು ಹೊಡೆಯಿತು, ಎಷ್ಟಕ್ಕೆ ಯಾರಾದರೂ ತಲೆ ಎತ್ತಿ ನೋಡಿದರು. ನೂರು ಪುಟದ ನೋಟ್‌ಬುಕ್ಕು ಒಂದೇ ವಾರಕ್ಕೆ ಮುಗಿಯಿತು. ಮಾಡುವವರು ಇನ್ನೂರು ಪುಟದ್ದೇ ತಗೊಳ್ಳಿ.